ಐಎಫ್‌ಎಸ್ ಮತ್ತು ಬೈಲಕುಪ್ಪೆ: ಹರಿದಾಡುತ್ತಿರುವ ಸಂದೇಶಕ್ಕೆ ಸ್ಪಷ್ಟನೆ

ಮೈಸೂರು, ಮಂಡ್ಯದ ಪದವಿ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: ‘ಬೈಲಕುಪ್ಪೆ ಶಿಬಿರ ನಡೆಸುವುದು ವಿಶ್ವಸಂಸ್ಥೆ. ನೋಂದಣಿ ಶುಲ್ಕ ಕಟ್ಟಿ ಅಲ್ಲಿ ಸೇರಿದರೆ ಮುಂದೆ ನೇರವಾಗಿ ಐಎಫ್‌ಎಸ್.’ ಬೈಲಕುಪ್ಪೆ ಟಿಬೆಟನ್ ನಿರಾಶ್ರಿತರ ನೆಲೆ, ಐಎಫ್‌ಎಸ್ ಎಂದರೆ ಭಾರತೀಯ ವಿದೇಶಾಂಗ ಸೇವೆ. ಸಂದೇಶದಲ್ಲಿ ಒಂದು ಮಾತೂ ನಿಜವಲ್ಲ.

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯ ಟಿಬೆಟನ್ನರಿಗೆ 1960ರ ಸುಮಾರಿಗೆ ಜಮೀನು ಕೊಟ್ಟದ್ದು ಅಂದಿನ ಮೈಸೂರು ರಾಜ್ಯ ಸರ್ಕಾರ. ಅವರ ನೋಂದಣಿ ಪತ್ರ, ವಿದೇಶಕ್ಕೆ ಹೋಗುವಾಗ ಪಾಸ್‌ಪೋರ್ಟ್ ಬದಲು ಹಿಡಿಯುವ ಹಳದಿ ಹೊದಿಕೆಯ ಪುಸ್ತಕ, ಎರಡನ್ನೂ ಕೊಡುವುದು ಭಾರತ ಸರ್ಕಾರವೇ. ನಿರಾಶ್ರಿತರ ಕುರಿತ 1951ರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ದೆಹಲಿಯಲ್ಲಿರುವ ವಿಶ್ವಸಂಸ್ಥೆಯ ನಿರಾಶ್ರಿತರ ಕಚೇರಿ ಮುಖ್ಯವಾಗಿ ಅಫ್ಗಾನಿಸ್ತಾನ, ಮ್ಯಾನ್ಮಾರ್‌ನಂಥ ದೇಶಗಳಿಂದ ಬಂದವರನ್ನು ನೋಂದಾಯಿಸುತ್ತದೆ.

ಐಎಫ್‌ಎಸ್‌ಗೆ ನೇರ ನೇಮಕಾತಿಯ ದಾರಿ ಯುಪಿಎಸ್‌ಸಿ ನಾಗರಿಕ ಸೇವಾ ಪರೀಕ್ಷೆ. ಯಾವ ಪದವಿಯಾದರೂ ಸಾಕು. ಅದರ ಮೊದಲ ಹಂತವಾದ ಪ್ರಿಲಿಮ್ಸ್ ಶುಲ್ಕ 100 ರೂಪಾಯಿ. ಮಹಿಳೆಯರು, ಪರಿಶಿಷ್ಟರು, ಅಂಗವಿಕಲರಿಗೆ ಅದೂ ಇಲ್ಲ. ಹಲವರು ಎಡವುವುದು ಹೆಸರಿನಲ್ಲಿ: ಅರಣ್ಯ ಸೇವೆಯನ್ನೂ ಜನ ಐಎಫ್‌ಎಸ್ ಎಂದೇ ಕರೆಯುತ್ತಾರೆ. ಪ್ರಿಲಿಮ್ಸ್ ಎರಡಕ್ಕೂ ಒಂದೇ, ಮೇನ್ಸ್ (ಮುಖ್ಯ ಪರೀಕ್ಷೆ) ಬೇರೆ. ಅರಣ್ಯ ಸೇವೆಗೆ ವಿಜ್ಞಾನ, ಕೃಷಿ, ಎಂಜಿನಿಯರಿಂಗ್‌ನಂಥ ಪದವಿಯೇ ಬೇಕು. ವಿದೇಶಾಂಗ ಸೇವೆಗೆ ಆಯ್ಕೆಯಾದವರು ಮಸ್ಸೂರಿ, ದೆಹಲಿಯಲ್ಲಿ ತರಬೇತಿ ಮುಗಿಸಿ, ಒಂದು ವಿದೇಶಿ ಭಾಷೆ ಕಲಿಯಲೇಬೇಕು.

ನಿರಾಶ್ರಿತರ ಸೇವೆಯೇ ಆಸೆಯೆಂದರೆ ಅದು ಬೇರೆ ವೃತ್ತಿ, ಬಹಳ ಒಳ್ಳೆಯ ವೃತ್ತಿ. ವಿಶ್ವಸಂಸ್ಥೆಯ ನೌಕರ ಯಾವ ದೇಶದ ಸರ್ಕಾರದಿಂದಲೂ ಆದೇಶ ಪಡೆಯುವಂತಿಲ್ಲ. ರಾಜತಾಂತ್ರಿಕ ತನ್ನ ದೇಶದ ಪ್ರತಿನಿಧಿ. ನೇಮಕಾತಿಯ ಯಾವ ಹಂತದಲ್ಲೂ ವಿಶ್ವಸಂಸ್ಥೆ ಹಣ ಕೇಳುವುದಿಲ್ಲ. ಈಗಾಗಲೇ ದುಡ್ಡು ಕಳಿಸಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.