ನನ್ನದೇನೂ ತಕರಾರಿಲ್ಲ, ಆದರೆ

ನನ್ನ ಮೇಜಿನ ಮೇಲೆ ಐವತ್ತು ಟಿಕೆಟುಗಳ ಪುಸ್ತಕವೊಂದು ಹದಿನೈದು ದಿನಗಳಿಂದ ಬಿದ್ದುಕೊಂಡಿದೆ. ಒಂದೊಂದಕ್ಕೆ 200 ರೂಪಾಯಿ. ತಿಳಿಗುಲಾಬಿ ಬಣ್ಣದ ಆ ಟಿಕೆಟಿನ ಮೇಲೆ ಶಾಲೆಯ ಹೆಸರಿದೆ, ತಾರೀಕಿದೆ, ‘ಶಾಲಾ ಕಟ್ಟಡದ ದುರಸ್ತಿಯ ಸಹಾಯಾರ್ಥ’ ಎಂಬ ಸಾಲಿದೆ, ಅದರ ಕೆಳಗೆ ‘ಅಮೋಘ ಮನರಂಜನಾ ಕಾರ್ಯಕ್ರಮ’ ಎಂದು ದಪ್ಪ ಅಕ್ಷರಗಳಲ್ಲಿ ಅಚ್ಚಾಗಿದೆ. ಮನರಂಜನೆ ಯಾವುದು ಎಂಬುದೊಂದು ಮಾತ್ರ ಇಲ್ಲ. ಟಿಕೆಟನ್ನು ಕೈಗೆ ತೆಗೆದುಕೊಂಡ ಪ್ರತಿಯೊಬ್ಬರೂ ಅದರ ಮುಂಭಾಗವನ್ನು ನೋಡಿ, ತಿರುಗಿಸಿ ಹಿಂಭಾಗವನ್ನೂ ನೋಡಿ, ಎರಡೂ ಕಡೆ ಸಿಗದ ಉತ್ತರವನ್ನು ನನ್ನ ಮುಖದಲ್ಲಿ ಹುಡುಕುತ್ತಾ, “ಎಂತ ಪ್ರೋಗ್ರಾಂ ಮಾರಾಯ್ರೆ?” ಎಂದು ಕೇಳುತ್ತಾರೆ. ಪೋಷಕರ ಸಂಘದ ಕಾರ್ಯದರ್ಶಿಯಾದ ನನಗೆ ಅದು ಗೊತ್ತಿರಬೇಕಿತ್ತು. ನಾಲ್ಕು ಭಾನುವಾರ ನಾಲ್ಕು ಸಭೆ ಕುಳಿತೆದ್ದ ಮೇಲೂ ಗೊತ್ತಿಲ್ಲ. ಮೊದಲ ವಾರದಲ್ಲಿ ಖರ್ಚಾದದ್ದು ಎರಡೇ ಟಿಕೆಟು. ಒಂದು ನನಗೆ, ಇನ್ನೊಂದು ನನ್ನ ಹೆಂಡತಿಗೆ.

ಕಾರ್ಯಕ್ರಮ ನಿರ್ಧಾರವಾಗುವ ಮೊದಲೇ ಟಿಕೆಟು ಅಚ್ಚಾದದ್ದು ಹೇಗೆ ಎಂದು ಕೇಳಬಹುದು. ಮದುವೆ ಕಾಗದಗಳ ಗಡಿಬಿಡಿ ಶುರುವಾಗುವ ಮುಂಚೆ ಬಂದರೆ ಅರ್ಧ ದರಕ್ಕೆ ಮಾಡಿಕೊಡುವುದಾಗಿ ಪ್ರೆಸ್ಸಿನವರು ಹೇಳಿದ್ದರು, ಮತ್ತು ನಮ್ಮ ಖಜಾಂಚಿಯವರು ಅರ್ಧ ದರ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಉಳಿದ ಯಾವ ಮಾತನ್ನೂ ಕೇಳಿಸಿಕೊಳ್ಳುವವರಲ್ಲ.

ನಮ್ಮದು ಉಡುಪಿ ಜಿಲ್ಲೆಯ ಒಂದು ಹಳ್ಳಿಯ ಅನುದಾನಿತ ಕನ್ನಡ ಶಾಲೆ. ಅನುದಾನವೆಂದರೆ ಸರ್ಕಾರವು ಶಿಕ್ಷಕರ ಸಂಬಳವನ್ನು ಕೊಡುತ್ತದೆ; ಹಂಚು ಒಡೆದರೆ, ಛಾವಣಿಯ ಪಕ್ಕಾಸಿಗೆ ಗೆದ್ದಲು ಹಿಡಿದರೆ ಅದು ಊರಿನವರ ತಲೆನೋವು. ಕಳೆದ ಮಳೆಗಾಲದಲ್ಲಿ ನಾಲ್ಕನೇ ತರಗತಿಯ ಮಕ್ಕಳು ಬೆಂಚುಗಳನ್ನು ಸೋರುವ ಜಾಗ ತಪ್ಪಿಸಿ ಎಳೆದು ಎಳೆದು, ಕೊನೆಗೆ ಎಲ್ಲರೂ ಕರಿಹಲಗೆಗೆ ಬೆನ್ನು ಹಾಕಿ ಕುಳಿತುಕೊಳ್ಳುವಂತಾಯಿತು. ಪಕ್ಕಾಸು, ರೀಪು, ಹಂಚು, ಕೂಲಿ ಎಲ್ಲ ಸೇರಿ ನಾಲ್ಕು ಲಕ್ಷ ಆಗುತ್ತದೆಂದು ಲೆಕ್ಕ ಹಾಕಿದ ದಿನವೇ ಸಹಾಯಾರ್ಥ ಕಾರ್ಯಕ್ರಮ ಮಾಡುವುದೆಂದು ಐದು ನಿಮಿಷಗಳಲ್ಲಿ ಸರ್ವಾನುಮತದಿಂದ ತೀರ್ಮಾನವಾಯಿತು. ಸರ್ವಾನುಮತ ಎಂಬ ಶಬ್ದವನ್ನು ನಿರ್ಣಯ ಪುಸ್ತಕದಲ್ಲಿ ನಾನು ಬರೆದದ್ದು ಅದೇ ಕೊನೆ.

ಮೊದಲು ಬಂದ ಸಲಹೆ ಆರ್ಕೆಸ್ಟ್ರಾ. ಅದನ್ನು ಮುಖ್ಯೋಪಾಧ್ಯಾಯಿನಿಯವರು ಒಂದೇ ವಾಕ್ಯದಲ್ಲಿ ಮುಗಿಸಿದರು: ಜನ ಕುಣಿಯುವ ಹಾಡುಗಳ ಸಾಹಿತ್ಯವನ್ನು ಮಕ್ಕಳ ಎದುರು ಕೇಳಲಾಗುವುದಿಲ್ಲ, ಸಾಹಿತ್ಯ ನೆಟ್ಟಗಿರುವ ಹಾಡುಗಳಿಗೆ ಜನ ಕುಣಿಯುವುದಿಲ್ಲ. ಹಾಸ್ಯ ಸಂಜೆ ಮಾಡೋಣವೆಂದರೆ, ಹಾಸ್ಯವೆಂದು ಹೆಂಡತಿಯರನ್ನು ಗೇಲಿ ಮಾಡುವುದನ್ನು ಕೇಳಲು ತಾವು ದುಡ್ಡು ಕೊಡುವುದಿಲ್ಲ, ಅದು ಮನೆಯಲ್ಲಿ ಪುಕ್ಕಟೆ ಸಿಗುತ್ತದೆ ಎಂದು ತಾಯಂದಿರು ಹೇಳಿದರು. ಆ ಮಾತಿಗೆ ಉತ್ತರವಿರಲಿಲ್ಲ. ಅದೃಷ್ಟ ಚೀಟಿ ಎತ್ತಿಸೋಣ ಎಂದವರಿಗೆ, ಕರ್ನಾಟಕದಲ್ಲಿ ಲಾಟರಿ 2007ರಲ್ಲೇ ನಿಂತುಹೋಗಿದೆಯೆಂದೂ, ಶಾಲೆಯೇ ಮಕ್ಕಳಿಗೆ ಅದನ್ನು ಕಲಿಸುವುದು ಬೇಡವೆಂದೂ ನೆನಪಿಸಲಾಯಿತು. ಜಾದೂ ಪ್ರದರ್ಶನಕ್ಕೆ ಹುಡುಗಿಯನ್ನು ಪೆಟ್ಟಿಗೆಯಲ್ಲಿಟ್ಟು ಗರಗಸದಿಂದ ಕೊಯ್ಯುವ ಆಟವೊಂದು ಅಡ್ಡ ಬಂತು.

ಧ್ವನಿವರ್ಧಕದ ವಿಚಾರ ಎತ್ತಿದವರು ಖಜಾಂಚಿಯವರು. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಮೈಕು ಹಾಕುವಂತಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು. ಆದರೆ ಅವರು ಫೋನಿನಲ್ಲಿ ಮುಂದಕ್ಕೆ ಓದುತ್ತಾ ಹೋಗಿ, ಶಿಕ್ಷಣ ಸಂಸ್ಥೆಗಳ ಸುತ್ತ 100 ಮೀಟರ್ ಪ್ರದೇಶವನ್ನು ನಿಶ್ಶಬ್ದ ವಲಯವೆಂದು ಪರಿಗಣಿಸಬಹುದು ಎಂಬಲ್ಲಿಗೆ ಬಂದು ನಿಂತರು. ಶಾಲೆಗೆ ತೊಂದರೆಯಾಗದಂತೆ ಶಾಲೆಯ ಕಾರ್ಯಕ್ರಮವನ್ನು ಮಾಡಬೇಕಾದರೆ ಶಾಲೆಯು ತನ್ನಿಂದ ತಾನೇ ನೂರು ಮೀಟರ್ ದೂರ ಹೋಗಬೇಕಾಗುತ್ತದೆ ಎಂಬುದರ ಮೇಲೆ ಮುಕ್ಕಾಲು ಗಂಟೆ ಚರ್ಚೆ ನಡೆಯಿತು. ಅಷ್ಟರಲ್ಲಿ ಎರಡನೆಯ ತಟ್ಟೆ ಗೋಳಿಬಜೆ ಬಂತು.

ಕೊನೆಗೆ, ಕರಾವಳಿಯಲ್ಲಿ ಎಲ್ಲ ಚರ್ಚೆಗಳೂ ಹೋಗಿ ನಿಲ್ಲುವಲ್ಲಿಗೇ ನಾವೂ ಹೋಗಿ ನಿಂತೆವು. ಯಕ್ಷಗಾನವೇ ಆಗಲಿ, ಹತ್ತು ಗಂಟೆಯೊಳಗೆ ಮುಗಿಯುವ ಕಾಲಮಿತಿಯ ಆಟ. ಇದಕ್ಕೆ ಯಾರ ವಿರೋಧವೂ ಇರಲಾರದೆಂದು ನಾನು ಪೆನ್ನು ತೆರೆದಾಗ ಮೂಲೆಯ ಕುರ್ಚಿಯಿಂದ ಮಾಷ್ಟ್ರು ಕೆಮ್ಮಿದರು.

ಮಾಷ್ಟ್ರೆಂದರೆ ನಮ್ಮ ಶಾಲೆಯ ನಿವೃತ್ತ ಮುಖ್ಯೋಪಾಧ್ಯಾಯರು. ಎರಡನೇ ತರಗತಿಯಲ್ಲಿರುವ ಮೊಮ್ಮಗಳ ಪೋಷಕರಾಗಿ ಅವರು ಸಭೆಗೆ ಬರುತ್ತಾರೆ. ಸಮಿತಿಯಲ್ಲಿರುವ ಅರ್ಧ ಜನ ಅವರ ಕೈಯಲ್ಲೇ ಕಾಪಿ ಬರೆದು, ಅವರ ಕೈಯಲ್ಲೇ ಕಿವಿ ಹಿಂಡಿಸಿಕೊಂಡವರಾದುದರಿಂದ ಅವರು ಮಾತನಾಡುವಾಗ ಅಧ್ಯಕ್ಷರು ಈಗಲೂ ಕೈಕಟ್ಟಿ ಕುಳಿತುಕೊಳ್ಳುತ್ತಾರೆ. ಅವರು ಕನ್ನಡಕ ತೆಗೆಯುತ್ತಾರೆ, ಶಾಲಿನ ತುದಿಯಿಂದ ಒಂದು ಗಾಜನ್ನು ಒರೆಸುತ್ತಾರೆ, “ನನ್ನದೇನೂ ತಕರಾರಿಲ್ಲ” ಎನ್ನುತ್ತಾರೆ. ಆಮೇಲೆ ಎರಡನೆಯ ಗಾಜನ್ನು ಒರೆಸುತ್ತಾರೆ. ನಾವು ಉಸಿರು ಹಿಡಿದಿರುತ್ತೇವೆ. ಕನ್ನಡಕ ಮೂಗಿನ ಮೇಲೆ ಕುಳಿತ ಮೇಲೆ “ಆದರೆ” ಬರುತ್ತದೆ.

ಪ್ರಸಂಗ ಯಾವುದೆಂದು ಅವರು ಕೇಳಿದರು. ಸಮಯಕ್ಕೆ ಸರಿಯಾಗಿ ಬರುವುದರ ಮಹತ್ವ ಮಕ್ಕಳಿಗೆ ತಿಳಿಯಲೆಂದು ಮುಖ್ಯೋಪಾಧ್ಯಾಯಿನಿಯವರು ಸುಧನ್ವನ ಕಥೆಯನ್ನು ಸೂಚಿಸಿದರು. ಯುದ್ಧಕ್ಕೆ ತಡವಾಗಿ ಬಂದನೆಂದು ತಂದೆ ಹಂಸಧ್ವಜ ಮಗನನ್ನೇ ಕಾದ ಎಣ್ಣೆಯ ಕೊಪ್ಪರಿಗೆಗೆ ಹಾಕಿಸುತ್ತಾನಲ್ಲ. “ನನ್ನದೇನೂ ತಕರಾರಿಲ್ಲ,” ಎಂದರು ಮಾಷ್ಟ್ರು, “ಆದರೆ ಅವನಿಗೆ ತಡವಾದದ್ದು ಯಾಕೆ ಅಂತ ಐದನೇ ಕ್ಲಾಸಿನ ಮಕ್ಕಳು ಕೇಳಿದ್ರೆ ಯಾರು ಹೇಳ್ತೀರಿ?” ಹೊರಡುವ ಹೊತ್ತಿಗೆ ಅವನನ್ನು ತಡೆದದ್ದು ಹೆಂಡತಿಯೆಂಬುದೂ, ಯಾತಕ್ಕಾಗಿ ತಡೆದಳೆಂಬುದೂ ಸಭೆಯಲ್ಲಿದ್ದ ಎಲ್ಲರಿಗೂ ಒಟ್ಟಿಗೆ ನೆನಪಾಗಿ ಎಲ್ಲರೂ ಒಟ್ಟಿಗೆ ಗೋಳಿಬಜೆಯ ತಟ್ಟೆಯನ್ನು ನೋಡತೊಡಗಿದರು.

ಏಕಲವ್ಯ ಆಗಬಹುದೇ? ಆಗಬಹುದು, ಆದರೆ ಊರಿನವರಲ್ಲಿ ಹಣ ಕೇಳಲು ಹೊರಟ ಶಾಲೆಯು, ಪಾಠವನ್ನೇ ಹೇಳಿಕೊಡದೆ ಹೆಬ್ಬೆರಳನ್ನು ದಕ್ಷಿಣೆ ಕೇಳಿದ ಗುರುವಿನ ಕಥೆಯನ್ನು ಆಡಿಸಿದರೆ ಖಾಸಗಿ ಶಾಲೆಗಳವರು ಏನೆಂದಾರು? ಅಭಿಮನ್ಯು? ಅರ್ಧ ಪಾಠ ಕಲಿತು ಪರೀಕ್ಷೆಗೆ ಹೋದ ಹುಡುಗ. ಪರೀಕ್ಷೆ ಹತ್ತಿರ ಬರುವಾಗ ಅಪಶಕುನ. ಪ್ರಹ್ಲಾದನ ಕಥೆಯಲ್ಲಿ ಶಿಕ್ಷಕರಿಬ್ಬರನ್ನು ಹಾಸ್ಯಗಾರರನ್ನಾಗಿ ಮಾಡುತ್ತಾರೆ. ಲವಕುಶರು ತಂದೆಯ ಮೇಲೆ ಬಾಣ ಬಿಡುತ್ತಾರೆ. ಹಾಗಾದರೆ ದಾನದ ಮಹಿಮೆಯನ್ನು ಹೇಳುವ ಕಥೆಯೇ ಸರಿಯೆಂದು ಖಜಾಂಚಿಯವರು ಹರಿಶ್ಚಂದ್ರನನ್ನು ತಂದರು. ಮಾಷ್ಟ್ರು ಕನ್ನಡಕ ಒರೆಸಿದರು. ಕೊಟ್ಟವನು ಹೆಂಡತಿ ಮಕ್ಕಳನ್ನು ಮಾರಿ ಮಸಣ ಕಾದ ಕಥೆಯನ್ನು ನೋಡಿ ಎದ್ದ ಮೇಲೆ ಯಾರಾದರೂ ಜೇಬಿಗೆ ಕೈ ಹಾಕುತ್ತಾರೆಯೇ? ಕರ್ಣನ ಗತಿಯೂ ಅದೇ. ಭಸ್ಮಾಸುರನು ವರ ಕೊಟ್ಟವನ ತಲೆಗೇ ಕೈ ಇಡಲು ಹೊರಟವನು. ಬಲಿ ಚಕ್ರವರ್ತಿಯ ಹೆಸರು ಬಂದಾಗಲಂತೂ ಅವರು ಎರಡೂ ಗಾಜುಗಳನ್ನು ಎರಡೆರಡು ಸಲ ಒರೆಸಿದರು. ಶಾಲೆಗೆ ಜಾಗ ಬಿಟ್ಟುಕೊಟ್ಟ ಮನೆಯವರು ಎದುರಿನ ಸಾಲಿನಲ್ಲಿ ಕುಳಿತಿರುವಾಗ, ಮೂರು ಹೆಜ್ಜೆ ಜಾಗ ಕೇಳಲು ಬಂದ ಹುಡುಗ ಕೊನೆಗೆ ಕೊಟ್ಟವನ ತಲೆಯ ಮೇಲೆಯೇ ಕಾಲಿಡುವುದನ್ನು ತೋರಿಸುವುದು ಸಭ್ಯತೆಯೇ ಎಂದು ಕೇಳಿದರು. ಪುರಾಣದ ದಾನಿಗಳಲ್ಲಿ ನೆಮ್ಮದಿಯಾಗಿ ಮನೆಗೆ ಹೋದವರು ಯಾರೂ ಇಲ್ಲವೆಂಬ ಸತ್ಯ ನನಗೆ ಹೊಳೆದದ್ದು ಆ ಸಂಜೆಯೇ.

ಸೋತು ಸುಣ್ಣವಾದ ಅಧ್ಯಕ್ಷರು ಕೈಕಟ್ಟಿಕೊಂಡೇ, “ದೇವಿ ಮಹಾತ್ಮೆ ಆಡಿಸುವ ಮಾಷ್ಟ್ರೆ, ದೇವಿಯ ಕಥೆ, ಅದಕ್ಕೆ ಯಾರೂ ಏನೂ ಹೇಳ್ಲಿಕ್ಕಿಲ್ಲ” ಎಂದರು. ತಕರಾರಿರಲಿಲ್ಲ. ಆದರೆ ಮಹಿಷಾಸುರನ ವೇಷ ಕಂಡರೆ ಸಣ್ಣ ಮಕ್ಕಳು ಹೆದರಿ ಒಂದು ವಾರ ಹಾಸಿಗೆ ಒದ್ದೆ ಮಾಡುತ್ತಾರೆ. ಅಲ್ಲಿಗೆ ನಾಲ್ಕನೆಯ ಸಭೆ ಮುಗಿಯಿತು. ‘ಯೋಗ್ಯವಾದ ಕಾರ್ಯಕ್ರಮವೊಂದನ್ನು ಹಮ್ಮಿಕೊಳ್ಳುವುದೆಂದು ತೀರ್ಮಾನಿಸಲಾಯಿತು’ ಎಂದು ಬರೆದು ನಾನು ಪುಸ್ತಕ ಮುಚ್ಚಿದೆ. ನಾಲ್ಕು ಸಭೆಗಳ ಚಹಾ ಮತ್ತು ಗೋಳಿಬಜೆಯ ಬಾಬ್ತು 1,840 ರೂಪಾಯಿ ಖರ್ಚಾಗಿದೆ. ಶಾಲೆಯ ನಿಧಿಗೆ ಸಂಬಂಧಪಟ್ಟಂತೆ ಅಲ್ಲಿಯವರೆಗೆ ನಡೆದ ದೊಡ್ಡ ಹಣದ ವ್ಯವಹಾರ ಇದೊಂದೇ.

ಆ ರಾತ್ರಿ ಮನೆಗೆ ನಡೆದು ಬರುವಾಗ ನನಗೆ ಸಿಟ್ಟಿಗಿಂತ ಹೆಚ್ಚಾಗಿ ಬೇರೇನೋ ಆಯಿತು. ನಾನು ಮೂರನೇ ತರಗತಿಯಲ್ಲಿದ್ದಾಗ ಇದೇ ಊರಿನ ಕಟಾವಾದ ಗದ್ದೆಯಲ್ಲಿ ಅಜ್ಜಿಯೊಂದಿಗೆ ಚಾಪೆ ಹಾಸಿ ಬೆಳಗಿನವರೆಗೆ ಆಟ ನೋಡಲು ಕುಳಿತಿದ್ದೆ. ನೋಡಿದ್ದಕ್ಕಿಂತ ಮಲಗಿದ್ದೇ ಹೆಚ್ಚು. ಮಹಿಷ ಬರುವಾಗ ಎಬ್ಬಿಸಬೇಕೆಂದು ಆಣೆ ಹಾಕಿಸಿಕೊಂಡಿದ್ದೆನಾದರೂ ಎಬ್ಬಿಸುವ ಅಗತ್ಯ ಬೀಳಲಿಲ್ಲ. ಚೆಂಡೆಯ ಪೆಟ್ಟಿಗೆ ನೆಲವೇ ನಡುಗಿ ಎಚ್ಚರವಾದಾಗ ಬೆನ್ನ ಹಿಂದೆ, ಜನರ ನಡುವಿನಿಂದ, ದೊಂದಿಯ ಬೆಂಕಿಗೆ ರಾಳದ ಪುಡಿ ಎರಚಿ ಭುಗ್ಗೆನ್ನಿಸುತ್ತಾ ಕೊಂಬಿನ ತಲೆಯೊಂದು ಬರುತ್ತಿತ್ತು. ಅಜ್ಜಿಯ ಸೆರಗಿನೊಳಗೆ ಮುಖವಿಟ್ಟು ಒಂದು ಕಣ್ಣಿನಿಂದ ನೋಡಿದೆ. ಇದು ಮಕ್ಕಳಿಗೆ ಯೋಗ್ಯವೋ ಎಂದು ಅಂದು ಯಾರೂ ಸಭೆ ಕರೆದಿರಲಿಲ್ಲ. ಮರುದಿನ ಶಾಲೆಯಲ್ಲಿ ನಾವೆಲ್ಲ ತೂಕಡಿಸುತ್ತಿದ್ದೆವು. ನಮಗೆ ಕಾಪಿ ಬರೆಯಲು ಹೇಳಿ, ಕೆಂಪು ಕಣ್ಣಿನ ಮಾಷ್ಟ್ರೂ ಮೇಜಿಗೆ ಕೈಯೂರಿ ತೂಕಡಿಸುತ್ತಿದ್ದರು.

ಎರಡನೆಯ ವಾರದಿಂದ ನಾನು ಸುಳ್ಳು ಹೇಳಲು ಆರಂಭಿಸಿದೆ. “ಎಂತ ಪ್ರೋಗ್ರಾಂ?” ಎಂದವರಿಗೆ “ನಿಮಗೆ ಎಂತ ಆಗ್ಬೇಕು?” ಎಂದು ಕೇಳುವುದು, ಅವರು ಹೇಳಿದ್ದಕ್ಕೆ ಹೌದೆನ್ನುವುದು. ಕ್ಷೌರದಂಗಡಿಯಲ್ಲಿ ಆರ್ಕೆಸ್ಟ್ರಾ ಎಂದೆ, ಮೂರು ಹೋಯಿತು. ಸೊಸೈಟಿಯ ಮ್ಯಾನೇಜರರಿಗೆ ತಾಳಮದ್ದಳೆ, ಐದು. ರಿಕ್ಷಾ ಸ್ಟ್ಯಾಂಡಿನಲ್ಲಿ ಹುಲಿವೇಷವೆಂದದ್ದಕ್ಕೆ ಒಂದೇ ಕಂತಿನಲ್ಲಿ ಹನ್ನೊಂದು ಖರ್ಚಾಗಿ, ತಾಸೆ ಬಡಿಯುವವರು ಯಾವ ಊರಿನವರೆಂದು ಅವರು ಕೇಳಿದಾಗ ಅದಕ್ಕೂ ಒಂದು ಊರಿನ ಹೆಸರನ್ನು ಹೇಳಿಬಿಟ್ಟೆ. ಹೀಗೆ ಮೊನ್ನೆಯವರೆಗೆ ಮೂವತ್ತೊಂದು ಟಿಕೆಟು ಮಾರಿ ನಾಲ್ಕು ಬಗೆಯ ಕಾರ್ಯಕ್ರಮಗಳಿಗೆ ಮಾತು ಕೊಟ್ಟಿದ್ದೇನೆ. ಆ ದಿನ ಈ ಮೂವತ್ತೊಂದು ಮಂದಿ ಒಂದೇ ಅಂಗಳದಲ್ಲಿ ಸೇರಿದರೆ ಊರಿಗೆ ಮನರಂಜನೆ ಯಾವುದೆಂಬ ಪ್ರಶ್ನೆ ತಾನಾಗಿ ಬಗೆಹರಿಯಬಹುದು.

ನಿನ್ನೆ ಸಂಜೆ ಮಾಷ್ಟ್ರು ಮನೆಗೆ ಬಂದರು. ಜಗಲಿಯಲ್ಲಿ ಕುಳಿತು ಬೆಲ್ಲ ನೀರು ಕುಡಿದು, ಟಿಕೆಟು ತರಿಸಿ, ಮುಂಭಾಗ ನೋಡಿದರು, ಹಿಂಭಾಗ ನೋಡಿದರು. ಐದನೆಯ ಸಭೆ ಇಲ್ಲಿಯೇ ಶುರುವಾಯಿತೆಂದುಕೊಂಡೆ. ಆದರೆ ಹದಿನೈದು ದಿನಗಳ ಅಭ್ಯಾಸ, ಬಾಯಿ ತಪ್ಪಿ, “ನಿಮಗೆ ಎಂತ ಆಗ್ಬೇಕು ಮಾಷ್ಟ್ರೆ?” ಎಂದು ಕೇಳಿಯೇಬಿಟ್ಟೆ.

ಅವರು ಕನ್ನಡಕ ತೆಗೆದು ಒರೆಸಿದರು. “ನನ್ನದೇನೂ ತಕರಾರಿಲ್ಲ” ಎಂದರು. ಎರಡನೆಯ ಗಾಜನ್ನೂ ಒರೆಸಿದರು. ಕಾದೆ. ‘ಆದರೆ’ ಬರಲಿಲ್ಲ. ಒಳಗೆ ಮೊಮ್ಮಗಳು ನನ್ನ ಮಗನೊಂದಿಗೆ ಆಡುತ್ತಿರುವುದನ್ನು ಖಚಿತಪಡಿಸಿಕೊಂಡು, ತಗ್ಗಿದ ದನಿಯಲ್ಲಿ, “ಮಹಿಷಾಸುರ ಉಂಟಾ?” ಎಂದು ಕೇಳಿದರು.

“ಉಂಟು ಮಾಷ್ಟ್ರೆ.”

“ದೊಂದಿ?”

“ದೊಂದಿಯೂ ಉಂಟು, ರಾಳವೂ ಉಂಟು.”

ನಾಲ್ಕು ಟಿಕೆಟು ಹರಿಸಿಕೊಂಡು, 800 ರೂಪಾಯಿಯನ್ನು ಎರಡು ಸಲ ಎಣಿಸಿ ಕೊಟ್ಟರು. ಮೆಟ್ಟಿಲಿಳಿದವರು ತಿರುಗಿ ನಿಂತು, “ಎದುರಿನ ಸಾಲು ಬೇಡ, ಹಿಂದೆಯೇ ಇರಲಿ” ಎಂದರು. “ಅವನು ಹಿಂದಿನಿಂದಲ್ವಾ ಬರುವುದು.”