ಆ ರಿಫ್ ಭೂಪ್ ರಾಗ ಅಲ್ಲ, ಆ್ಯಪ್ ಹಾಗೆ ಹೇಳಿಯೂ ಇಲ್ಲ

ಎರಡು ದಿನದಿಂದ ಹುಬ್ಬಳ್ಳಿ-ಧಾರವಾಡದ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸ್ಕ್ರೀನ್‌ಶಾಟ್ ಓಡಾಡುತ್ತಿದೆ. ಧಾನಿ ರಾಗ ಅಂತ ಹೇಳಿ ನಾನು ಬಾರಿಸಿದ ಗಿಟಾರ್ ರಿಫ್ಫನ್ನು (ಮತ್ತೆ ಮತ್ತೆ ಬರುವ ಚಿಕ್ಕ ಸ್ವರಗುಚ್ಛವನ್ನು) ಯಾರೋ ಸ್ಕೇಲ್ ಹುಡುಕುವ ಆ್ಯಪ್‌ಗೆ ಹಾಕಿದ್ದಾರೆ, ಅದು ಸಿ ಮೇಜರ್ ಪೆಂಟಟೋನಿಕ್ (ಸಿ ಯಿಂದ ಶುರುವಾಗುವ ಐದು ಸ್ವರಗಳ ಸ್ಕೇಲ್) ಅಂದಿದೆ, ಕೆಳಗೆ ‘ಅಂದ್ರೆ ಇದು ಭೂಪ್, ಧಾನಿ ಅಂದಿದ್ದು ಸುಳ್ಳು’ ಅಂತ ಷರಾ ಬೇರೆ. ಸ್ವರಗಳು ಸರಿ ಇವೆ. ತೀರ್ಮಾನ ತಪ್ಪು.

ಆ್ಯಪ್ ಮಾಡುವುದು ಇಷ್ಟೇ: 12 ಸ್ವರಗಳಲ್ಲಿ ಯಾವುದು ಎಷ್ಟು ಜೋರಾಗಿದೆ ಅಂತ ಅಳೆದು ತನ್ನ ಪಟ್ಟಿಯ ಸ್ಕೇಲ್‌ಗಳ ಜೊತೆ ಹೋಲಿಸುತ್ತದೆ. ಸಿಕ್ಕಿದ್ದು ಎ, ಸಿ, ಡಿ, ಇ, ಜಿ. ಇದೇ ಐದರಲ್ಲಿ ಸಿ ಯನ್ನು ಷಡ್ಜ (ಆಧಾರ ಸ್ವರ ‘ಸ’) ಮಾಡಿದರೆ ಭೂಪ್, ಎ ಮಾಡಿದರೆ ಧಾನಿ, ಜಿ ಮಾಡಿದರೆ ದುರ್ಗಾ, ಇ ಮಾಡಿದರೆ ಮಾಲಕಂಸ! ತಂಬೂರಿ ಮುಂದೆ ಕೂತವರಿಗೆ ಇದನ್ನು ಹೇಳಬೇಕಾಗಿಲ್ಲ, ಅಲ್ವಾ? ನನ್ನ ರಿಫ್ ನಿಲ್ಲುವುದು ಎ ಮೇಲೆ, ಬೇಸ್ ಗಿಟಾರ್ ಹಿಡಿದಿರುವುದೂ ಎ. ಹಾಗಾಗಿ ಇಲ್ಲಿ ಷಡ್ಜ ಎ.

ಹಾಗಂತ ನಾನು ಸುಮ್ನೆ ಧಾನಿ ಅಂದುಬಿಟ್ಟಿದ್ದೂ ಸ್ವಲ್ಪ ಜಾಸ್ತಿಯೇ. ಧಾನಿಯ ಸ್ವರಗಳು ಅನ್ನಬೇಕಿತ್ತು. ರಾಗ ಅಂದ್ರೆ ಬರೀ ಸ್ವರಗಳಲ್ಲ: ಭೂಪ್, ದೇಶ್ಕಾರ್ ಎರಡೂ ರಾಗಗಳ ಸ್ವರ ಒಂದೇ, ಆದರೆ ಭೂಪ್‌ನ ಜೀವ ಗಾಂಧಾರದಲ್ಲಿ (ಗ), ದೇಶ್ಕಾರ್‌ನದು ಧೈವತದಲ್ಲಿ (ಧ). ಬರೀ ಸ್ವರ ಎಣಿಸುವ ಆ್ಯಪ್‌ಗೆ ಅದು ಕಾಣಲ್ಲ.

ಇನ್ನು ಮೊದಲ ಸೆಕೆಂಡಿನಲ್ಲಿ ಸಿ ಶಾರ್ಪ್ ತೋರಿಸಿದೆ ಅಂತ ಕೇಳಿದವರಿಗೆ: ಅದನ್ನು ನಾನು ಬಾರಿಸಿಲ್ಲ. ಎ ತಂತಿಯ ಐದನೇ ಹಾರ್ಮೋನಿಕ್ (ಮೂಲ ಸ್ವರದ ಜೊತೆ ತಾನಾಗಿ ಹುಟ್ಟುವ, ಐದು ಪಟ್ಟು ಕಂಪನದ ಸ್ವರ) ಸಿ ಶಾರ್ಪ್, ಡಿಸ್ಟಾರ್ಷನ್ (ಪೆಡಲ್‌ನಿಂದ ದನಿ ಒರಟಾಗಿಸುವುದು) ಏರಿಸಿದರೆ ಅದೂ ಜೋರಾಗುತ್ತದೆ. ಪೆಡಲ್ ಇಲ್ಲದ ರೆಕಾರ್ಡಿಂಗ್ ಬೇಕಿದ್ದರೆ ಕೇಳಿ, ಕಳಿಸುತ್ತೇನೆ.