ಹೆರಿಗೆಗೆ ಕಾಯುವ ಮನೆ: ಊರವರೇ ನಡೆಸಬೇಕೇ?

ಆಫ್ರಿಕಾದ ಜಾಂಬಿಯಾ ದೇಶದ ಎಷ್ಟೋ ಹಳ್ಳಿಗಾಡಿನಲ್ಲಿ ಆರೋಗ್ಯ ಕೇಂದ್ರದ ಪಕ್ಕದಲ್ಲೇ ಒಂದು ಮನೆ ಇರುತ್ತದೆ. ದೂರದ ಬಸುರಿಯರು ದಿನ ತುಂಬುವ ಹೊತ್ತಿಗೆ ಬಂದು ಅಲ್ಲಿ ತಂಗುತ್ತಾರೆ. ಆ ಮನೆ ಬಾಳಬೇಕಾದರೆ ಅದರ ಭಾರವನ್ನು ಊರವರೇ ಹೊರಬೇಕೇ?

ಪರ

ದಾನಿಗಳು ಕಟ್ಟಿಸುತ್ತಾರೆ, ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಆಮೇಲೆ ಸೋರುವ ಸೂರಿಗೆ ಶೀಟು ಹಾಕಿಸುವವರು ಯಾರು? ರಾಜಧಾನಿ ಲುಸಾಕಾದಿಂದ ಯಾರೂ ಬರುವುದಿಲ್ಲ. ಅದಕ್ಕೇ ಅಲ್ಲಿ ಕೆಲವು ಮನೆಗಳಿಗೆ ಊರಿನ ಸಮಿತಿ ಮಾಡಿ, ಜೊತೆಗೆ ಸಣ್ಣ ಅಂಗಡಿ, ತರಕಾರಿ ತೋಟ, ಹಿಟ್ಟಿನ ಗಿರಣಿ ಹೂಡಿದ್ದಾರೆ. ಮೆಕ್ಕೆಜೋಳದ ಹಿಟ್ಟೇ ದಿನದ ಊಟವಾದ ಊರಲ್ಲಿ ಗಿರಣಿ ಓಡಿದರೆ ರಿಪೇರಿ ಖರ್ಚಾದರೂ ಹುಟ್ಟುತ್ತದೆ.

ದುಡ್ಡಿಗಿಂತ ಮುಖ್ಯವಾದದ್ದು ಮನೆಯ ನಕ್ಷೆ. ಒಲೆ ಎಲ್ಲಿರಬೇಕು, ಜೊತೆಗೆ ಬಂದ ಅತ್ತೆ ಎಲ್ಲಿ ಮಲಗಬೇಕು, ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯೇ? ಇದೆಲ್ಲ ಹೆತ್ತ ಹೆಂಗಸರಿಗೆ ಗೊತ್ತು, ಎಂಜಿನಿಯರ್‌ಗೆ ಗೊತ್ತಿಲ್ಲ. ಸುಮ್ನೆ ನಾಲ್ಕು ಗೋಡೆ ಎಬ್ಬಿಸಿದರೆ ಯಾರೂ ಬರುವುದಿಲ್ಲ. ಇಥಿಯೋಪಿಯಾದ ಹಲವೆಡೆ ಊರವರೇ ಧಾನ್ಯ ಕೊಡುತ್ತಾರೆ. ಅಲ್ಲೇ ಗಂಜಿ, ಅಲ್ಲೇ ಕಾಫಿ. ಬಸುರಿಗೆ ತವರಿಗೆ ಬಂದ ಹಾಗಿರುತ್ತದೆ.

ವಿರೋಧ

ನಕ್ಷೆಯನ್ನು ಊರವರನ್ನು ಕೇಳಿಯೇ ಮಾಡಿ, ನನ್ನ ತಕರಾರಿಲ್ಲ. ಖರ್ಚನ್ನೂ ಅವರ ತಲೆಗೇ ಕಟ್ಟುವುದು ಮಾತ್ರ ಅನ್ಯಾಯ. 2006ರಲ್ಲಿ ಜಾಂಬಿಯಾ ಹಳ್ಳಿಗಾಡಿನ ಆರೋಗ್ಯ ಕೇಂದ್ರಗಳಲ್ಲಿ ಶುಲ್ಕ ತೆಗೆದುಹಾಕಿತು. ಈಗ ವಂತಿಗೆ ಎತ್ತಿದರೆ ಅದನ್ನೇ ಬೇರೆ ಹೆಸರಲ್ಲಿ ವಸೂಲಿ ಮಾಡಿದಂತೆ, ಅಲ್ವಾ? ಜನವರಿ, ಫೆಬ್ರವರಿಯಲ್ಲಿ ಅಲ್ಲಿ ಮಳೆಗಾಲ. ಹಳೆಯ ಮೆಕ್ಕೆಜೋಳ ಮುಗಿದಿರುತ್ತದೆ, ಹೊಸದು ಇನ್ನೂ ಹೊಲದಲ್ಲಿರುತ್ತದೆ. ದಾರಿ ಕೆಟ್ಟು ಬಸುರಿಗೆ ಆ ಮನೆ ಜಾಸ್ತಿ ಬೇಕಾಗುವುದೂ ಆಗಲೇ, ಊರವರ ಕೈ ಖಾಲಿ ಇರುವುದೂ ಆಗಲೇ. ಇನ್ನು ಗಿರಣಿ ಕೆಟ್ಟು ನಿಂತರೆ ಮತ್ತೆ ವಂತಿಗೆಯೇ ಗತಿ.

'ಊರು' ಅಂದರೆ ಯಾರು ಅನ್ನುವುದನ್ನೂ ಕೇಳಬೇಕು. ಪಕ್ಕದ ಮಲಾವಿಯಲ್ಲಿ ಆರೋಗ್ಯ ಕೇಂದ್ರಕ್ಕೆ ಬರದೆ ತಮ್ಮ ಮನೆಯಲ್ಲೇ ಹೆತ್ತ ಹೆಂಗಸರಿಗೆ ಊರ ಮುಖಂಡರು ದಂಡ ಹಾಕಿದ್ದುಂಟು. ದಂಡ ಹಾಕುವವರಲ್ಲಿ ಹೆರುವವರು ಎಷ್ಟು ಜನ ಇದ್ದಾರು!

ಕ್ಯೂಬಾ 1962ರಿಂದ ಇಂಥ ಮನೆಗಳನ್ನು ಸರ್ಕಾರದ ಖರ್ಚಿನಲ್ಲೇ ನಡೆಸುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ದೂರದ ಊರುಗಳಿಗೆ ಇವನ್ನು ಶಿಫಾರಸು ಮಾಡಿದಾಗಲೂ, ಹೆರಿಗೆಯ ಆರೈಕೆ ಸಿಗುವ ಕೇಂದ್ರದ ಹತ್ತಿರವೇ ಇರಬೇಕು ಅಂದಿತು. ಪುರಾವೆ ದುರ್ಬಲ ಅಂತಲೂ ಒಪ್ಪಿಕೊಂಡಿತು. ನಡುರಾತ್ರಿ ರಕ್ತಸ್ರಾವ ಶುರುವಾದರೆ ನುರಿತ ನರ್ಸ್ ಬೇಕು, ಔಷಧಿ ಬೇಕು, ಆಂಬುಲೆನ್ಸ್ ಬೇಕು. ತರಕಾರಿ ಮಾರಿದ ದುಡ್ಡಿಗೆ ಇವು ಬರುವುದಿಲ್ಲ, ಸರ್ಕಾರದ ಬಜೆಟ್‌ನಲ್ಲೇ ಬರಬೇಕು.